ಹಗಲು ಹೊತ್ತು ಮನೆಯಲ್ಲಿ ಗಂಡಸು

ಗಂಡಸರಿಗೆ ಒಂದು ಗಟ್ಟಿ ನಂಬಿಕೆ ಇರುತ್ತದೆ. ತಾವು ಮುಂಜಾನೆ ಡಬ್ಬಿ ಹಿಡಿದು ಹೊರಬಿದ್ದ ಕೂಡಲೇ ಮನೆ ಎನ್ನುವುದು ಮಲಗಿಬಿಡುತ್ತದೆ, ಸಂಜೆ ತಮ್ಮ ಚಪ್ಪಲಿಯ ಸಪ್ಪಳ ಕೇಳಿದ ಮೇಲೆಯೇ ಗಡಬಡಿಸಿ ಏಳುತ್ತದೆ ಎಂಬ ನಂಬಿಕೆ. ನಡುವಿನ ಎಂಟು-ಹತ್ತು ತಾಸು ಅಲ್ಲಿ ಏನಾಗುತ್ತದೆ ಎಂದು ನಾವು ಕೇಳುವುದಿಲ್ಲ. ಕೇಳಿದರೂ ‘ಏನಿಲ್ರಿ’ ಎಂಬ ಉತ್ತರ ಬರುತ್ತದೆ, ನಾವು ಅದನ್ನು ಅಕ್ಷರಶಃ ನಂಬಿ ಊಟಕ್ಕೆ ಕೂಡುತ್ತೇವೆ. ನಾನು ಇಪ್ಪತ್ತಾರು ವರ್ಷ ಹಾಗೆ ನಂಬಿಕೊಂಡು ಬಸ್ಸು ಹತ್ತಿದವನು. ಆಮೇಲೆ ನಾಲ್ಕು ತಿಂಗಳು ಮನೆಯಿಂದಲೇ ಕೆಲಸ ಮಾಡಿದೆ. ಈಗ ಯಾವುದು ಲೇಸು ಎಂದು ನನ್ನನ್ನು ಕೇಳುವವರಿದ್ದಾರೆ. ಎರಡನ್ನೂ ನೋಡಿದವನು, ತೂಗಿ ಹೇಳುತ್ತಾನೆ ಎಂದು ಅವರ ಭಾವನೆ. ನನ್ನ ತಕ್ಕಡಿಯ ವಿಷಯ ಪಾಪ ಅವರಿಗೆ ಗೊತ್ತಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮನೆ ಬಸವನ ಬಾಗೇವಾಡಿಯಲ್ಲಿ, ಆಫೀಸು ಮುದ್ದೇಬಿಹಾಳದಲ್ಲಿ. ಹನಿ ನೀರಾವರಿಯ ಪೈಪು ಮಾರುವ ಒಂದು ಕಂಪನಿಯಲ್ಲಿ ಮೊದಲು ಗೋದಾಮು ನೋಡಿಕೊಳ್ಳುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಕಂಪನಿಯವರು ದೊಡ್ಡ ಮನಸ್ಸು ಮಾಡಿ ನನ್ನನ್ನು ಫೋನಿನ ಮುಂದೆ ಕೂಡ್ರಿಸಿದರು. ರೈತರ ತಕರಾರು ಕೇಳುವುದೇ ಉದ್ಯೋಗ. ಇಂಡಿ ತಾಲೂಕಿನ ನಿಂಬೆ ತೋಟದಿಂದ, ಮೋರಟಗಿಯ ಕಬ್ಬಿನ ಹೊಲದಿಂದ, ನಾಲತವಾಡದ ದಾಳಿಂಬೆ ಗಿಡಗಳ ನಡುವಿನಿಂದ ಫೋನು ಬರುತ್ತದೆ. ‘ಏ ಸಾಹೇಬ್ರ, ನೀರ ಬರಾಕತ್ತಿಲ್ಲ’ ಎನ್ನುತ್ತಾರೆ. ಕಾರಣ ಹೆಚ್ಚುಕಡಿಮೆ ಯಾವಾಗಲೂ ಒಂದೇ, ಫಿಲ್ಟರಿನಲ್ಲಿ ಕೆಸರು ಕಟ್ಟಿರುತ್ತದೆ. ಆದರೆ ‘ಫಿಲ್ಟರ್ ತೊಳೀರಿ’ ಎಂದು ನೇರವಾಗಿ ಹೇಳಿದರೆ ರೈತನಿಗೆ ಅವಮಾನವಾಗುತ್ತದೆ. ಆದ್ದರಿಂದ ಮೊದಲು ಮೋಟಾರು ಕೇಳಬೇಕು, ಬಾವಿ ಕೇಳಬೇಕು, ಕರೆಂಟು ಎಷ್ಟು ಹೊತ್ತು ಇರುತ್ತದೆಂದು ಕೇಳಬೇಕು, ಕಡೆಗೆ ಈಗಷ್ಟೇ ಹೊಳೆದವರ ಹಾಗೆ ‘ಅಂದಂಗ ಫಿಲ್ಟರ್ ಒಮ್ಮೆ ನೋಡಿದ್ರೇನು?’ ಎನ್ನಬೇಕು. ಈ ನಯ-ನಾಜೂಕು ನನಗೆ ಚೆನ್ನಾಗಿ ಬರುತ್ತದೆ ಎಂದು ಕಂಪನಿಯಲ್ಲಿ ಹೆಸರು. ಇಂಥ ಮನುಷ್ಯ ಮನೆಯಲ್ಲಿ ಎಷ್ಟು ನಯದಿಂದ ಇರಬಹುದು ಎಂದು ನೀವು ಊಹಿಸಿಕೊಂಡರೆ ಅದು ನಿಮ್ಮ ತಪ್ಪಲ್ಲ.

ಫೋನಿನ ಕೆಲಸದವರು ಬೇಕಾದರೆ ಮನೆಯಿಂದಲೇ ಮಾಡಬಹುದು ಎಂದು ಮೇಲಿನಿಂದ ಪತ್ರ ಬಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ಪಕ್ಕದ ಕುರ್ಚಿಯ ಸಿದರಾಯ, ‘ಹುಚ್ಚ ಹಿಡದೈತೇನು ನಿಮಗ? ಮನ್ಯಾಗ ಕುಂತ್ರ ಮುದುಕ ಆಗ್ತೀರಿ’ ಎಂದ. ನಾನು ಮೊಣಕಾಲಿನ ನೆಪ ಹೇಳಿದೆ, ಬಸ್ಸಿನ ಕುಲುಕಾಟದ ನೆಪ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಅದಕ್ಕೆ ಒಂದೂವರೆ ವರ್ಷದ ಹಿಂದೆ ನಮ್ಮ ಒಬ್ಬಳೇ ಮಗಳು ದಾನಮ್ಮ, ನಾವು ದಾನು ಎಂದು ಕರೆಯುತ್ತಿದ್ದವಳು, ಎಂಟು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಇಪ್ಪತ್ಮೂರು ವರ್ಷ. ಹನ್ನೆರಡನೆಯ ದಿನ ಕಳೆದದ್ದೇ ನಾನು ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಹಿಂದೆ ಮನೆಯಲ್ಲಿ ಹೆಂಡತಿ ಶಾಂತಾ ಒಬ್ಬಳೇ. ಹಗಲೆಲ್ಲ ಆಕೆ ಆ ಗೋಡೆಗಳನ್ನು ನೋಡುತ್ತ ಕುಳಿತಿರುತ್ತಾಳೆ ಎಂಬುದು ನನ್ನ ಕಲ್ಪನೆ. ಫೋನಿನಲ್ಲಿ ಊರವರ ತಕರಾರು ಕೇಳುವಾಗೆಲ್ಲ ಆ ಚಿತ್ರವೇ ಕಣ್ಣಮುಂದೆ ಬರುತ್ತಿತ್ತು. ನಾನು ಮನೆಯಲ್ಲಿದ್ದರೆ ಆಕೆಗೆ ಜೊತೆಯಾಗುತ್ತದೆ, ಆಕೆ ಮತ್ತೆ ಮೊದಲಿನಂತಾಗುತ್ತಾಳೆ ಎಂದುಕೊಂಡೆ. ನನಗೆ ಬೇಕಾಗಿದ್ದು ಅಷ್ಟೇ.

ಹೀಗೆ ಒಂದು ಸೋಮವಾರ ಪಡಸಾಲೆಯಲ್ಲಿ, ಓಣಿಯ ಕಡೆಗಿನ ಕಿಟಕಿಯ ಪಕ್ಕ, ನನ್ನ ಆಫೀಸು ಆರಂಭವಾಯಿತು. ಫೋನಿನ ಸಿಗ್ನಲ್ಲು ಇಡೀ ಮನೆಯಲ್ಲಿ ಅಲ್ಲಿ ಮಾತ್ರ ಸಿಗುತ್ತಿತ್ತು. ಟೇಬಲ್ಲು ಹಾಕಿದೆ, ಲ್ಯಾಪ್‌ಟಾಪು ಇಟ್ಟೆ, ಕಿವಿಗೆ ಹೆಡ್‌ಫೋನು ಸಿಕ್ಕಿಸಿದೆ. ಮೇಲೆ ಅಂಗಿ ಕೆಳಗೆ ಲುಂಗಿ ಎಂಬ ಕತೆ ಎಲ್ಲರ ಹತ್ತಿರವೂ ಒಂದೊಂದು ಇರುತ್ತದೆ, ನನ್ನದನ್ನು ಬಿಡುತ್ತೇನೆ. ನನ್ನ ಕಷ್ಟ ಬೇರೆ ಥರದ್ದು. ಹಗಲು ಹೊತ್ತಿನಲ್ಲಿ ಗಂಡಸು ಮನೆಯಲ್ಲಿ ಕುಳಿತರೆ ನಮ್ಮ ಓಣಿ ಮೂರೇ ಕಾರಣ ಒಪ್ಪುತ್ತದೆ: ಜಡ್ಡು, ಜಗಳ, ಇಲ್ಲವೆ ನೌಕರಿ ಹೋದದ್ದು. ಮೂರನೆಯ ದಿನ ಎದುರುಮನೆಯ ನಿವೃತ್ತ ಮಾಸ್ತರರು ಟೋಪಿ ಕೈಯಲ್ಲಿ ಹಿಡಿದು ಬಂದರು. ಬಂದು ಕುರ್ಚಿಯ ಮೇಲಲ್ಲ, ಜಮಖಾನೆಯ ಮೇಲೆ ಕುಳಿತರು. ಹತ್ತು ನಿಮಿಷ ಏನೂ ಮಾತಾಡಲಿಲ್ಲ. ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಬಂದವರು ಕೂಡುವ ರೀತಿಯೇ ಅದು. ಕಡೆಗೆ ಉಸಿರು ಬಿಟ್ಟು, ‘ಆಗೂದು ಆಗೇತಿ. ಧೈರ್ಯ ತಗೋರಿ. ಇನ್ನ ವಯಸ್ಸೈತಿ, ಬ್ಯಾರೆ ಎಲ್ಲೆರೆ ಹತ್ತಿದ್ರಾತು’ ಎಂದರು. ‘ಮಾಸ್ತರ, ನೌಕರಿ ಹೋಗಿಲ್ರಿ, ನೌಕರಿನ ಮನಿಗೆ ಬಂದೈತಿ’ ಎಂದೆ. ಅವರು ನನ್ನ ಭುಜ ತಟ್ಟಿ, ‘ಹಂಗ ಹೇಳ್ಬೇಕು ಮತ್ತ. ಮಂದಿಗೆ ಹಂಗ ಹೇಳ್ರಿ’ ಎಂದು ಎದ್ದರು. ಮಧ್ಯಾಹ್ನ ಅವರ ಮನೆಯಾಕೆ ಗೌರವ್ವನಿಂದ ಬುತ್ತಿ ಬಂತು. ಹತ್ತು ರೊಟ್ಟಿ, ಝುಣಕ, ಶೇಂಗಾ ಚಟ್ನಿ.

ನಗು ಬಂತು. ಶಾಂತಾಳಿಗೂ ನಗು ಬರಬಹುದೆಂದು ಬುತ್ತಿಯ ಗಂಟು ಬಿಚ್ಚುತ್ತ ಮಾಸ್ತರರನ್ನು ಅಣಕಿಸಿ ತೋರಿಸಿದೆ. ಆಕೆ ರೊಟ್ಟಿಯ ಮೇಲಿನ ಅರಿವೆಯನ್ನು ನೋಡುತ್ತ ನಿಂತುಬಿಟ್ಟಳು. ಇದೇ ಓಣಿಯಿಂದ, ಇದೇ ಗೌರವ್ವನ ಮನೆಯಿಂದ, ಒಲೆ ಹಚ್ಚದ ಆ ದಿನಗಳಲ್ಲಿ ಬುತ್ತಿ ಬಂದಿತ್ತು. ಆಗ ನಾನು ಅದನ್ನು ಮುಟ್ಟಿರಲಿಲ್ಲ. ‘ಆವಾಗೂ ಅಕಿ ಝುಣಕಾನ ಕಳಸಿದ್ದಳು. ದಾನೂಗ ಭಾಳ...’ ಎಂದು ಶಾಂತಾ ಶುರು ಮಾಡಿದಳು. ನನಗೆ ತಟಕ್ಕನೆ ಮೋಟಾರು ಬಂದ್ ಮಾಡಿದೆನೋ ಇಲ್ಲವೋ ಎಂದು ನೆನಪಾಯಿತು. ಎದ್ದು ಹಿತ್ತಲಿಗೆ ಹೋದೆ. ಮೋಟಾರು ಬಂದ್ ಆಗಿಯೇ ಇತ್ತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಮುಖ ತೊಳೆದುಕೊಂಡು ಬಂದೆ. ಆಕೆ ತಾಟು ಹಾಕಿದ್ದಳು. ದುಃಖದ ಮಾತನ್ನು ಹೀಗೆ ನಡುವೆಯೇ ಮುರಿದುಹಾಕುವುದು ಆಕೆಗೆ ನಾನು ಮಾಡುತ್ತಿದ್ದ ದೊಡ್ಡ ಉಪಕಾರ ಎಂದು ನನ್ನ ತಿಳಿವಳಿಕೆ. ಬೀಗರು-ಬಿಜ್ಜರಿಗೆಲ್ಲ ಮೊದಲೇ ಹೇಳಿಬಿಟ್ಟಿದ್ದೆ, ಶಾಂತಾಳ ಮುಂದೆ ಮಗಳ ಹೆಸರು ತೆಗೆಯಬೇಡಿ ಎಂದು. ಫೋಟೋವನ್ನೂ ಪಡಸಾಲೆಯಿಂದ ತೆಗೆದು ಅಲಮಾರಿಯಲ್ಲಿಟ್ಟಿದ್ದೆ.

ಇನ್ನು ನಮ್ಮ ಓಣಿಯ ಹೆಂಗಸರ ವಿಷಯ. ನನಗೆ ಅಲ್ಲಿಯವರೆಗೆ ಗೊತ್ತಿಲ್ಲದಿದ್ದ ಒಂದು ಸಂಗತಿಯೆಂದರೆ, ನಾನು ಬಸ್ಸು ಹತ್ತಿದ ಮೇಲೆ ನಮ್ಮ ಪಡಸಾಲೆಯಲ್ಲಿ ದಿನವೂ ಒಂದು ಆಫೀಸು ನಡೆಯುತ್ತಿತ್ತು. ಹನ್ನೊಂದೂವರೆಗೆ ಗೌರವ್ವ, ಪಕ್ಕದ ಮನೆಯ ಹುಸೇನಬಿ, ಮತ್ತೆ ಇಬ್ಬರು-ಮೂವರು ಸೂಜಿ-ದಾರ ಹಿಡಿದು ಬರುವುದು, ನೆಲದ ಮೇಲೆ ಕೌದಿ ಹರವಿಕೊಂಡು ನಾಲ್ಕು ಮೂಲೆಗೆ ಕುಳಿತು ಹೊಲಿಯುವುದು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ ಹೊದಿಕೆ ಮಾಡುವ ಕೆಲಸಕ್ಕೆ ಜಾಗ ಬಹಳ ಬೇಕು, ಬಾಯಿ ಅದಕ್ಕಿಂತ ಹೆಚ್ಚು ಬೇಕು. ನನ್ನ ಮನೆ-ಆಫೀಸಿನ ಮೊದಲನೆಯ ದಿನ ಇವರು ಎಂದಿನಂತೆ ಬಂದರು. ಬಾಗಿಲಲ್ಲಿ ನನ್ನನ್ನು ನೋಡಿದ್ದೇ ಸೆರಗು ತಲೆಯ ಮೇಲೆ ಬಂತು. ನಾನು ಎದ್ದು ನಿಂತು, ಫೋನಿನಲ್ಲಿ ರೈತರಿಗೆ ತೋರಿಸುವ ಅಷ್ಟೂ ಮರ್ಯಾದೆ ತೋರಿಸಿ, ‘ಬರ್ರಿ, ಬರ್ರಿ, ಇಲ್ಲೇ ಕುಂದರ್ರಿ, ನನ್ನ ಸಲುವಾಗಿ ಸಂಕೋಚ ಮಾಡ್ಕೋಬ್ಯಾಡ್ರಿ’ ಎಂದೆ. ಇದಕ್ಕಿಂತ ಚೆನ್ನಾಗಿ ಯಾರನ್ನೂ ಓಡಿಸಲು ಬರುವುದಿಲ್ಲ ಎಂದು ಆಗ ತಿಳಿಯಲಿಲ್ಲ. ಅವರು ಒಬ್ಬರ ಹಿಂದೆ ಒಬ್ಬರು ಹಿತ್ತಲಿಗೆ ಹೋಗಿ ನೀರಿನ ಟಾಕಿಯ ಪಕ್ಕದ ಇಕ್ಕಟ್ಟಿನಲ್ಲಿ ಕುಳಿತರು.

ಅಷ್ಟಕ್ಕೇ ಬಿಟ್ಟೆನೆ? ಹೋಗುವಾಗ ಹುಸೇನಬಿಯನ್ನು ಬಾಗಿಲ ಹತ್ತಿರ ತಡೆದು, ದನಿ ಇಳಿಸಿ, ‘ಅವ್ವಾರ, ಒಂದು ಮಾತು. ನಮ್ಮಾಕಿ ಮುಂದ ದಾನೂನ ಸುದ್ದಿ ತಗಿಬ್ಯಾಡ್ರಿ. ಮನಸಿಗೆ ಹಚ್ಕೊತಾಳ’ ಎಂದೆ. ಹುಸೇನಬಿ ನನ್ನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದಳು. ದಾನುವನ್ನು ಎತ್ತಿ ಆಡಿಸಿದ ಹೆಂಗಸು ಆಕೆ. ರಮಜಾನ ಹಬ್ಬದ ದಿನ ಸುರಕುಂಬಾ ಪಾಯಸದ ಮೊದಲ ಬಟ್ಟಲು ದಾನುವಿಗೇ ಬರುತ್ತಿತ್ತು. ‘ಹೂನ್ರಿ ಅಣ್ಣಾರ’ ಎಂದಳು. ಎಷ್ಟು ತಿಳಿವಳಿಕೆಯ ಹೆಣ್ಣುಮಗಳು ಎಂದು ನನಗೆ ಸಮಾಧಾನವಾಯಿತು.

ಆಮೇಲೆ ಅವರು ಕಡಿಮೆಯಾಗುತ್ತ ಬಂದರು. ನಾನು ಫೋನಿನಲ್ಲಿ ಕೂಗುವುದೂ ಒಂದು ಕಾರಣವಿರಬೇಕು. ಹೊಲದಲ್ಲಿ ನಿಂತವನಿಗೆ ಗಾಳಿಯ ಶಬ್ದದಲ್ಲಿ ಕೇಳಿಸಬೇಕಲ್ಲ, ಹಾಗಾಗಿ ‘ಬಿಚ್ರಿ! ಪೂರ್ತಿ ಬಿಚ್ರಿ! ಹೊಲಸೆಲ್ಲಾ ಹೊರಗ ಬರ್ಲಿ!’ ಎಂದು ಪೈಪಿನ ತುದಿಯ ಬಗ್ಗೆ ನಾನು ಕಿರುಚುತ್ತಿದ್ದರೆ ಹಿತ್ತಲಲ್ಲಿ ಸೂಜಿ ನಿಲ್ಲುತ್ತಿತ್ತು. ಎರಡನೆಯ ವಾರಕ್ಕೆ ಗೌರವ್ವ ಒಬ್ಬಳೇ ಉಳಿದಳು. ಮೂರನೆಯ ವಾರಕ್ಕೆ ಅವಳಿಗೂ ಸೊಂಟನೋವು ಬಂತು. ಅರ್ಧ ಹೊಲಿದ ಕೌದಿಯನ್ನು ಶಾಂತಾ ಸುತ್ತಿ ಟ್ರಂಕಿನ ಮೇಲಿಟ್ಟಳು. ಹೋಗಲಿ ಬಿಡು, ಗದ್ದಲ ತಪ್ಪಿತು ಎಂದುಕೊಂಡೆ. ನಾನೇ ಇರುವಾಗ ಇವಳಿಗೆ ಮಂದಿಯ ಜೊತೆ ಯಾಕೆ?

ಜೊತೆಯನ್ನು ನಾನು ಎಷ್ಟು ಶ್ರದ್ಧೆಯಿಂದ ಕೊಟ್ಟೆನೆಂದು ಹೇಳಬೇಕು. ಅರ್ಧ ತಾಸಿಗೊಮ್ಮೆ ಕುರ್ಚಿಯಿಂದಲೇ ‘ಏನ್ ಮಾಡಾಕತ್ತಿ?’ ಎಂದು ಕೂಗುತ್ತಿದ್ದೆ. ‘ಏನಿಲ್ರಿ’ ಎಂದು ಒಳಗಿನಿಂದ ಬರುತ್ತಿತ್ತು. ಆಫೀಸಿನಲ್ಲಿ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಯಾರ ಮೇಲೂ ಅಧಿಕಾರ ನಡೆಸದ ನಾನು ಮನೆಯಲ್ಲಿ ಮ್ಯಾನೇಜರನಾದೆ. ಹಾಲನ್ನು ದಿನಕ್ಕೆ ಮೂರು ಸಲ ಕಾಯಿಸುವುದೇಕೆ ಎಂದು ಕೇಳಿದೆ. ಜೋಳದ ಡಬ್ಬಿ ಒಲೆಗೆ ಹತ್ತಿರವಿದ್ದರೆ ಅನುಕೂಲ ಎಂದು ಒಂದು ಭಾನುವಾರ ಅದನ್ನು ಸರಿಸಿದೆ. ಆಕೆ ಸೋಮವಾರ ಕತ್ತಲಲ್ಲಿ ಎಡವಿದಳು, ಮಂಗಳವಾರ ಅದು ಹಳೆಯ ಜಾಗಕ್ಕೆ ಹೋಯಿತು. ಟ್ರಂಕಿನ ಮೇಲಿನ ಕೌದಿಯ ಗಂಟು ನೋಡಿ, ‘ಇಷ್ಟ ಹಳೇ ಅರಿವಿ ಯಾಕ ಕೂಡಿಸಿಟ್ಟಿ? ಒಗದ್ ಬಿಡು ಅತ್ಲಾಗ’ ಎಂದೆ. ಮರುದಿನ ನೋಡಿದರೆ ಗಂಟು ಟ್ರಂಕಿನ ಮೇಲಿರಲಿಲ್ಲ, ಎಸೆದಿದ್ದಾಳೆ ಎಂದುಕೊಂಡೆ.

ಅನುಕೂಲಗಳಿದ್ದವು, ಇಲ್ಲವೆನ್ನಲಾರೆ. ಬಿಸಿ ರೊಟ್ಟಿ ಇತ್ತು. ಉಂಡ ಮೇಲೆ ಕಾಲು ತಾಸು ಅಡ್ಡಾಗುವುದಿತ್ತು. ಮೊಣಕಾಲು ನನ್ನನ್ನು ಹರಸುತ್ತಿತ್ತು. ಆದರೆ ಶಾಂತಾ ಮಾತ್ರ ದಿನದಿಂದ ದಿನಕ್ಕೆ ಸುಮ್ಮನಾಗುತ್ತಿದ್ದಳು. ಮೊದಲು ಸಂಜೆ ನಾನು ಬಂದಾಗ ಓಣಿಯ ಸುದ್ದಿ ನಾಲ್ಕಾದರೂ ಹೇಳುತ್ತಿದ್ದಳು, ಈಗ ಅದೂ ನಿಂತಿತು. ಹೇಳಲು ಸುದ್ದಿಯಾದರೂ ಎಲ್ಲಿಂದ ಬರಬೇಕು? ಊಟ ಕಡಿಮೆಯಾಯಿತು. ಮಧ್ಯಾಹ್ನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಸುಮ್ಮನೆ ಕೂಡುತ್ತಿದ್ದಳು. ನಾನು ಆಫೀಸಿನಲ್ಲಿ ಕುಳಿತು ಕಲ್ಪಿಸಿಕೊಂಡು ಸಂಕಟಪಡುತ್ತಿದ್ದ ಚಿತ್ರ ಈಗ ನನ್ನ ಕಣ್ಣೆದುರೇ ನಿಜವಾಗಿ ಬಂದು ಕುಳಿತಿತ್ತು. ನೋಡು, ನಾನು ಮನೆಯಲ್ಲಿದ್ದೂ ಹೀಗೆ, ಇಲ್ಲದಿದ್ದರೆ ಇನ್ನೆಷ್ಟು ಕೊರಗುತ್ತಿದ್ದಳೋ ಎಂದು ನಾನು ನನ್ನ ಬೆನ್ನನ್ನೇ ತಟ್ಟಿಕೊಂಡೆ. ಇಷ್ಟು ದಡ್ಡತನಕ್ಕೆ ಒಂದು ಜನ್ಮದ ಅನುಭವ ಸಾಲದು.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆಯಿಂದಲೇ ಕರೆಂಟು ಹೋಯಿತು. ಸಂಜೆಯವರೆಗೂ ಬರುವುದಿಲ್ಲ ಎಂದರು. ಬಸ್‌ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡ ಗೆಳೆಯನೊಬ್ಬನಿದ್ದಾನೆ, ಅವನ ಹತ್ತಿರ ಇನ್ವರ್ಟರ್ ಇದೆ. ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು, ‘ಸಂಜಿಮುಂದ ಬರ್ತೇನಿ’ ಎಂದು ಹೇಳಿ ಹೋದೆ. ಹೋಗಿ ನೋಡಿದರೆ ಚಾರ್ಜರು ಮನೆಯಲ್ಲೇ ಉಳಿದಿತ್ತು. ಎರಡು ತಾಸು ಹೇಗೋ ತಳ್ಳಿ, ಮಧ್ಯಾಹ್ನ ಹನ್ನೆರಡೂವರೆಗೆ ಅದನ್ನು ತರಲು ಮನೆಗೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಕಟ್ಟೆಯ ಮೇಲೆ ನಾಲ್ಕು ಜೊತೆ ಚಪ್ಪಲಿ. ಒಳಗಿನಿಂದ ನಗು.

ನಮ್ಮ ಕಡೆ ಗಂಡಸು ಮನೆಯೊಳಗೆ ಕಾಲಿಡುವ ಮುಂಚೆ ಕೆಮ್ಮಬೇಕು. ಒಳಗಿದ್ದ ಹೆಂಗಸರಿಗೆ ಸೆರಗು ಸರಿಪಡಿಸಿಕೊಳ್ಳಲು ಹೊತ್ತು ಸಿಗಲಿ ಎಂದು. ನಾನು ಕೆಮ್ಮಲು ಬಾಯಿ ತೆರೆದವನು ಹಾಗೇ ನಿಂತೆ. ಒಳಗೆ ನಗುತ್ತಿದ್ದವಳು ನನ್ನ ಹೆಂಡತಿ. ಆ ನಗು ಕೇಳಿ ಎಷ್ಟು ದಿನವಾಗಿತ್ತೆಂದರೆ ಮೊದಲು ನನಗೆ ಅದು ಯಾರದೆಂದೇ ತಿಳಿಯಲಿಲ್ಲ.

‘ಇದು ನೋಡ, ಇದು ಅಕಿ ಹತ್ತನೇತ್ತೆ ಯೂನಿಫಾರ್ಮ್ ಓಡ್ನಿ’ ಎಂದು ಶಾಂತಾ ಹೇಳುತ್ತಿದ್ದಳು. ‘ಇದನ್ನ ತಲಿಗೆ ಸುತ್ಕೊಂಡು ಅವರಪ್ಪನಂಗ ಫೋನ್ ಹಿಡದು, “ಮೋಟಾರ್ ಎಷ್ಟ ಎಚ್‌ಪಿ ಐತ್ರಿ, ಬಾವ್ಯಾಗ ನೀರೆಷ್ಟೈತ್ರಿ” ಅಂತಿದ್ದಳು. ಇಲ್ಲೇ, ಇಲ್ಲೇ ನಿಂತು.’ ಹುಸೇನಬಿ ನಗುತ್ತಲೇ ಅಳುತ್ತಿದ್ದಳು. ‘ಯವ್ವಾ, ನನಗ ಒಮ್ಮೆ ಹಂಗ ಫೋನ್ ಮಾಡಿ, ನಿಮ್ಮ ಕೋಳಿಗೆ ಪೈಪ್ ಕೂಡಿಸಿ ಕೊಡ್ತೇವಿ ಅಂದಿದ್ದಳಲ್ಲವ್ವಾ’ ಎಂದಳು. ಮತ್ತೆ ನಗು. ಎಸೆದಿದ್ದಾಳೆಂದು ನಾನು ತಿಳಿದಿದ್ದ ಕೌದಿ ಆ ಪಡಸಾಲೆಯ ನೆಲದ ತುಂಬ ಹರವಿಕೊಂಡಿತ್ತು. ಬಾಗಿಲ ಸಂದಿಯಿಂದ ಅದರ ಒಂದು ಮೂಲೆ ಕಂಡಿತು. ದಾನುವಿನ ನೀಲಿ ಚೂಡಿದಾರ, ದೀಪಾವಳಿಯ ಹಳದಿ ಲಂಗ, ಇನ್ನೂ ನನಗೆ ಗುರುತು ಸಿಗದ ಎಷ್ಟೋ ತುಂಡುಗಳು. ಪ್ರತಿ ತುಂಡಿಗೂ ಒಂದು ಕತೆ ಇದ್ದಂತಿತ್ತು. ನನಗೆ ಮಗಳ ಬಟ್ಟೆಗಳೇ ಗುರುತು ಸಿಗಲಿಲ್ಲ, ಇನ್ನು ಕತೆಗಳೆಲ್ಲಿಂದ ಗೊತ್ತಿರಬೇಕು?

‘ಹ್ವಾದವರ ಅರಿವಿ ಮನ್ಯಾಗ ಇಟ್ಕೋಬಾರ್ದಂತಾರ ಶಾಂತವ್ವಾ’ ಎಂದು ಗೌರವ್ವ ಮೆಲ್ಲಗೆ ಅಂದಳು. ‘ಅನ್ಲಿ’ ಎಂದಳು ಶಾಂತಾ. ಆಮೇಲೆ ಗೌರವ್ವ ಕೇಳಿದಳು, ‘ಅಲ್ಲವ್ವಾ, ನಿನ್ನ ಗಂಡ ನಮಗ ಅಕಿ ಹೆಸರ ತಗಿಬ್ಯಾಡ್ರಿ ಅಂದಾನ, ನಿನಗ ತ್ರಾಸ ಆಗ್ತೈತಿ ಅಂತ. ಖರೇನು?’

‘ನನಗಲ್ಲವ್ವಾ, ಅವರಿಗೆ’ ಎಂದಳು ಶಾಂತಾ. ‘ಅಕಿ ಹೆಸರ ಬಂದ್ರ ಸಾಕು, ಎದ್ದು ಹೊರಗ ಹೋಗಿಬಿಡ್ತಾರ. ಮೋಟಾರ್ ನೋಡ್ತಾರ, ಗೇಟ್ ನೋಡ್ತಾರ. ಪಾಪ, ತಡ್ಕೊಳ್ಳಾಕ ಆಗೂದಿಲ್ಲ. ಅದಕ್ಕ ಅವರಿದ್ದಾಗ ನಾ ಸುಮ್ಮ ಇರ್ತೇನಿ. ಮದಲ ಹಗಲೆಲ್ಲಾ ನಿಮ್ಮ ಕೂಡ ಮಾತಾಡಿ ಮನಸ ಹಗರ ಮಾಡ್ಕೊತಿದ್ದೆ. ಈಗ ಹಗಲಾನೂ ಅವರು ಮನ್ಯಾಗ. ಮಗಳು ಸತ್ತಾಗ ಅತ್ತೆ, ಅದು ಬ್ಯಾರೆ. ಈ ನಾಕ ತಿಂಗಳಾತು, ಅಕಿನ ಎರಡನೇ ಸಲ ಹೂಳಿದಂಗ ಆಗೇತಿ ನನಗ.’

ಚಾರ್ಜರು ತೆಗೆದುಕೊಳ್ಳಲಿಲ್ಲ. ಕೆಮ್ಮಲೂ ಇಲ್ಲ. ಮನೆಗೆ ಕಳ್ಳ ಬಂದರೂ ಇಷ್ಟು ಹಗುರ ಹೆಜ್ಜೆ ಇಡಲಾರ, ಹಾಗೆ ಹಿಂದಕ್ಕೆ ಸರಿದು ಓಣಿ ದಾಟಿದೆ. ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಅತ್ತೆ. ಪಕ್ಕದಲ್ಲಿ ಕುಳಿತ ಸಿಂದಗಿ ಕಡೆಯ ಮುದುಕರೊಬ್ಬರು ‘ಯಾಕ್ರಿ, ಬಸ್ ಹೋತೇನು?’ ಎಂದು ಕೇಳಿದರು. ‘ಹೂನ್ರಿ’ ಎಂದೆ. ‘ಬರ್ತೈತಿ ಬಿಡ್ರಿ, ಇನ್ನೊಂದ ಬರ್ತೈತಿ’ ಎಂದು ಸಮಾಧಾನ ಹೇಳಿ ಎಲೆ-ಅಡಿಕೆ ಮುಂದೆ ಮಾಡಿದರು. ಅದನ್ನು ಬಾಯಿಗೆ ಹಾಕಿಕೊಂಡು ನಮ್ಮ ಮ್ಯಾನೇಜರರಿಗೆ ಫೋನು ಮಾಡಿದೆ. ಮನೆಯಲ್ಲಿ ನೆಟ್‌ವರ್ಕ್ ಬಹಳ ತೊಂದರೆ, ಮತ್ತೆ ಆಫೀಸಿಗೇ ಬರುತ್ತೇನೆ ಎಂದೆ. ‘ನೀವೇ ಕೇಳ್ಕೊಂಡು ಹೋದವ್ರಲ್ವಾ? ಮೊಣಕಾಲು?’ ಎಂದರು. ‘ಮೊಣಕಾಲು ಆರಾಮ ಆಗೇತ್ರಿ’ ಎಂದೆ. ಆ ಹೊತ್ತಿಗೆ ಅದು ನಿಂತುಕೊಳ್ಳಲೂ ಬಾರದಷ್ಟು ನೋಯುತ್ತಿತ್ತು.

ಸಂಜೆ ಮನೆಗೆ ಬಂದಾಗ ಪಡಸಾಲೆ ಗುಡಿಸಿ ಸ್ವಚ್ಛವಾಗಿತ್ತು. ಒಂದು ದಾರದ ಎಳೆಯೂ ಇರಲಿಲ್ಲ. ‘ಸಾಹೇಬ್ರು ವಾಪಸ್ ಕರದಾರ. ನಾಳಿಂದ ಆಫೀಸಿಗೆ ಹೋಗ್ಬೇಕು’ ಎಂದೆ. ‘ಹೌದ್ರಿ?’ ಎಂದಳು ಶಾಂತಾ. ಆಕೆಯ ದನಿಯಲ್ಲಿ ನನಗಾಗಿ ಕನಿಕರವಿತ್ತು, ಸುಳ್ಳಲ್ಲ. ಆದರೆ ಮರುಕ್ಷಣವೇ, ‘ದಿನಾ ಹೋಗ್ಬೇಕೇನ್ರಿ?’ ಎಂದು ಕೇಳಿದಳು. ‘ದಿನಾ’ ಎಂದೆ. ‘ಡಬ್ಬಿ ಎಲ್ಲಿಟ್ಟೇನೋ ಏನೋ’ ಎನ್ನುತ್ತ ಒಳಗೆ ಹೋದವಳು ಅರ್ಧ ನಿಮಿಷದಲ್ಲಿ ಅದನ್ನು ಹಿಡಿದುಕೊಂಡು ಬಂದಳು. ನಾಲ್ಕು ತಿಂಗಳು ಮುಟ್ಟದ ಡಬ್ಬಿ, ಒಂದು ಚೂರು ಧೂಳಿರಲಿಲ್ಲ.

ಹೀಗೆ ನಾನು ಮತ್ತೆ ಬಸ್ಸು ಹತ್ತಿದೆ. ಸಿದರಾಯ ಖುಷಿಯಾಗಿ ‘ನಾ ಹೇಳಿದ್ದಿಲ್ಲೇನು?’ ಎಂದು ಚಹಾ ತರಿಸಿದ. ಯಾಕೆ ಬಂದಿರಿ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟು ವರ್ಷ ಪಕ್ಕ-ಪಕ್ಕದ ಕುರ್ಚಿಯಲ್ಲಿ ಕುಳಿತು ಒಂದೇ ಡಬ್ಬಿಯಲ್ಲಿ ಪಲ್ಯ ಹಂಚಿಕೊಂಡವರು ನಾವು. ಅವನ ಮಾವನ ಹೊಲದ ವ್ಯಾಜ್ಯ ನನಗೆ ಬಾಯಿಪಾಠ, ನನ್ನ ಮೊಣಕಾಲಿನ ಎಕ್ಸ್‌ರೇ ಅವನಿಗೆ ಬಾಯಿಪಾಠ. ದಾ ಎಂಬ ಅಕ್ಷರ ಮಾತ್ರ ಈ ಎರಡು ಕುರ್ಚಿಗಳ ನಡುವೆ ಎಂದೂ ಬಿದ್ದದ್ದಿಲ್ಲ. ಶಾಂತಾಳಿಗೆ ಒಂದು ಕೌದಿಯ ನಾಲ್ಕು ಮೂಲೆಗೂ ಜನರಿದ್ದರು. ನನಗೆ ಯಾರಿದ್ದರು? ಆಗ ಹೊಳೆಯಿತು, ನಾನು ನಾಲ್ಕು ತಿಂಗಳು ಮನೆಯಲ್ಲಿ ಕುಳಿತದ್ದು ಆಕೆಗೆ ಜೊತೆ ಕೊಡಲಿಕ್ಕಲ್ಲ, ಜೊತೆ ಕೇಳಲಿಕ್ಕೆ. ಕೇಳುವ ರೀತಿ ಗೊತ್ತಿಲ್ಲದ್ದರಿಂದ ಜೋಳದ ಡಬ್ಬಿ ಸರಿಸಿದ್ದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ನಾಲತವಾಡದಿಂದ ಒಬ್ಬರು ಫೋನು ಮಾಡಿದರು. ದಾಳಿಂಬೆಗೆ ನೀರು ಹೋಗುತ್ತಿಲ್ಲ ಎಂಬ ತಕರಾರು. ನಾನು ಮೋಟಾರು ಕೇಳಿದೆ, ಬಾವಿ ಕೇಳಿದೆ, ಮೆಲ್ಲಗೆ ಫಿಲ್ಟರಿಗೆ ಬಂದೆ. ‘ನನಗ ಅದೆಲ್ಲಾ ತಿಳಿಯೂದಿಲ್ರಿ, ನನ್ನ ಮಗಳ ಕೈಯಾಗ ಕೊಡ್ತೇನಿ ತಡೀರಿ’ ಎಂದರು. ಮಗಳು ಫೋನು ಹಿಡಿದು, ನಾನು ಹೇಳುವುದಕ್ಕೆ ಮುಂಚೆಯೇ ಮುಚ್ಚಳ ಬಿಚ್ಚಿ, ಜಾಳಿಗೆ ತೊಳೆದು, ಮತ್ತೆ ಕೂಡಿಸಿ, ‘ಬಂತ್ರಿ ಅಂಕಲ್, ನೀರ ಬಂತು!’ ಎಂದಳು. ತಂದೆಯ ಕೈಗೆ ಫೋನು ಹೋದಾಗ, ‘ಭಾಳ ಶಾಣ್ಯಾಕಿ ಅದಾಳ್ರಿ ನಿಮ್ಮ ಮಗಳು’ ಎಂದೆ. ಅವರು ಹಿಗ್ಗಿದರು. ‘ನಿಮಗೂ ಮಕ್ಕಳದಾರೇನ್ರಿ?’ ಎಂದು ಕೇಳಿದರು.

ಈ ಪ್ರಶ್ನೆ ಬಂದಾಗೆಲ್ಲ ‘ಫಿಲ್ಟರ್ ಹದಿನೈದ ದಿನಕ್ಕೊಮ್ಮೆ ತೊಳೀರಿ ಮತ್ತ, ಇಡ್ಲೇನು?’ ಎನ್ನುವುದು ನನ್ನ ರೂಢಿ. ಆವತ್ತು ಬಾಯಿ ಬೇರೆಯೇ ಅಂದಿತು. ‘ಒಬ್ಬಾಕಿ ಇದ್ದಳ್ರಿ. ದಾನಮ್ಮ ಅಂತ.’

ಆ ಕಡೆ ಮೋಟಾರಿನ ಸದ್ದು ದೂರ ಸರಿಯಿತು. ಆಮೇಲೆ ಅವರು, ‘ನೀರ ಹರಿಯಾಕತ್ತೇತ್ರಿ. ನಾ ಬದುವಿನ ಮ್ಯಾಲ ಕುಂತೇನಿ. ನನಗೇನ ಅವಸರ ಇಲ್ಲ, ಹೇಳ್ರಿ’ ಎಂದರು. ನಾನು ಹೇಳಿದೆ. ಜ್ವರ ಬಂದದ್ದು ಹೇಳಿದೆ. ಆರನೆಯ ದಿನ ಎದ್ದು ಕುಳಿತು ಮಜ್ಜಿಗೆ ಕೇಳಿದ್ದು ಹೇಳಿದೆ. ನಾನು ಆರಾಮಾದಳೆಂದು ಆವತ್ತು ಆಫೀಸಿಗೆ ಬಂದುಬಿಟ್ಟದ್ದು ಹೇಳಿದೆ. ಅದನ್ನು ಅದುವರೆಗೆ ನಾನು ನನಗೂ ಹೇಳಿಕೊಂಡಿರಲಿಲ್ಲ. ಅವರು ನಡುನಡುವೆ ‘ಹ್ಞೂಂ’ ಎನ್ನುತ್ತಿದ್ದರು, ಅಷ್ಟೇ. ಕಡೆಗೆ, ‘ನಮ್ಮ ತ್ವಾಟಕ್ಕ ಬರ್ರಿ ಒಮ್ಮೆ, ನಿಮ್ಮ ಮನಿಯವರನ್ನ ಕರ್ಕೊಂಡು’ ಎಂದರು. ಫೋನಿಟ್ಟು ನೋಡಿದರೆ ಸಿದರಾಯನ ಕುರ್ಚಿ ಖಾಲಿ ಇತ್ತು. ಹೊರಗೆ ಬಿಸಿಲಲ್ಲಿ ಬೆನ್ನು ತಿರುಗಿಸಿ ನಿಂತು ತನ್ನ ಮೋಟಾರ್‌ಸೈಕಲ್ಲಿನ ಗಾಲಿ ನೋಡುತ್ತಿದ್ದ. ನಮ್ಮ ಫೋನುಗಳೆಲ್ಲ ರೆಕಾರ್ಡ್ ಆಗುತ್ತವೆ. ಮಧ್ಯಾಹ್ನ ಮ್ಯಾನೇಜರರು, ‘ಒಂದು ಫಿಲ್ಟರ್‌ಗೆ ಇಪ್ಪತ್ತೆರಡು ನಿಮಿಷ ಯಾಕಾಯ್ತು?’ ಎಂದು ಕೇಳಿದರು. ‘ಹಳೇ ತಕರಾರ್ರಿ ಸರ್’ ಎಂದೆ.

ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡೆ. ಮುಖ ಕಾಣದ ಒಬ್ಬ ರೈತನಿಗೆ ಹೇಳಬಲ್ಲವನು ಎದುರಿಗೆ ಕುಳಿತ ಹೆಂಡತಿಗೆ ಹೇಳಲಾರೆನೆ? ಏಳೂವರೆಗೆ ಊಟಕ್ಕೆ ಕುಳಿತೆವು. ಶಾಂತಾಳ ಮುಖ ಈಚೆಗೆ ಸ್ವಲ್ಪ ತಿಳಿಯಾಗಿತ್ತು. ‘ಆಫೀಸ್ನಾಗ ಏನ್ ವಿಶೇಷ?’ ಎಂದು ಕೇಳಿದಳು. ನಾನು ತುತ್ತು ನುಂಗಿ, ನೀರು ಕುಡಿದು, ತಾಟಿನ ಅಂಚು ನೋಡುತ್ತ, ‘ನಮ್ಮ ದಾನು...’ ಎಂದೆ.

ಅಷ್ಟೇ, ಶಾಂತಾ ಎದ್ದೇಬಿಟ್ಟಳು. ‘ತಡೀರಿ, ಬಿಸಿ ರೊಟ್ಟಿ ತರ್ತೇನಿ’ ಎಂದು, ನಾನು ಎಲ್ಲಿ ಎದ್ದು ಹೊರಗೆ ಹೋಗಬೇಕಾಗುತ್ತದೋ ಎಂದು, ನನ್ನ ಮೇಲಿನ ಕನಿಕರದಿಂದ, ಸರಸರನೆ ಅಡುಗೆಮನೆಗೆ ಹೋದಳು. ಅಲ್ಲಿಂದ ಒಲೆ ಹೊತ್ತಿಸಿದ ಸದ್ದಿಲ್ಲ, ರೊಟ್ಟಿ ಬಡಿದ ಸದ್ದಿಲ್ಲ. ನನ್ನ ಮುಂದೆಯೇ ಬುಟ್ಟಿಯಲ್ಲಿ ಅರಿವೆ ಮುಚ್ಚಿದ ಐದು ಬಿಸಿ ರೊಟ್ಟಿ ಇದ್ದವು. ನಾನು ಏನೂ ತೋಚದೆ ಒಂದನ್ನು ಮುರಿದುಕೊಂಡೆ. ಎದ್ದು ಆಕೆಯ ಹಿಂದೆ ಒಳಗೆ ಹೋಗಬೇಕು ಎಂಬಷ್ಟು ಬುದ್ಧಿ ನನ್ನಂಥವನಿಗೆ ಹೊಳೆಯುವ ಹೊತ್ತಿಗೆ ಅವುಗಳಲ್ಲಿ ಎರಡು ಮುಗಿದಿದ್ದವು.